ಜಾವಾ ಪಾಠಕ್ಕೆ ಕನ್ನಡದ ದನಿ

ದಕ್ಷಿಣ ಕನ್ನಡದ ರಾಮಕುಂಜದಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಪುತ್ತೂರಿನಲ್ಲೋ ಸುಳ್ಯದಲ್ಲೋ ಬಿಸಿಎಗೋ ಎಂಜಿನಿಯರಿಂಗಿಗೋ ಸೇರಿದ ಹುಡುಗಿಗೆ ಜಾವಾ ಕಲಿಯಲು ಸಾಮಗ್ರಿಯ ಬರಗಾಲವೇನೂ ಇಲ್ಲ. ಯೂಟ್ಯೂಬ್ ತೆರೆದರೆ ಒಂದು ಜನ್ಮಕ್ಕೆ ಸಾಲುವಷ್ಟಿದೆ. ಆದರೆ ಅವಳ ಮನೆಮಾತು ತುಳುವೋ ಬ್ಯಾರಿಯೋ ಅರೆಭಾಷೆಯೋ ಆಗಿರುತ್ತದೆ, ಓದಿದ್ದು ಕನ್ನಡದಲ್ಲಿ, ಈಗಿನ ಪಠ್ಯ ಇಂಗ್ಲಿಷಿನದು. ಜಾವಾ ಅರ್ಥವಾಗಲಿಲ್ಲವೋ, ಜಾವಾ ಹೇಳಿದ ಇಂಗ್ಲಿಷ್ ಅರ್ಥವಾಗಲಿಲ್ಲವೋ ಎಂದು ಅವಳಿಗೇ ತಿಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಹೊತ್ತು ಸೋತವಳು ‘ನನಗೆ ಕೋಡಿಂಗ್ ಆಗುವುದಿಲ್ಲ’ ಎಂದು ಕೈಬಿಡುತ್ತಾಳೆ. ಹಾಗಾಗಿ ಮೊದಲ ಮೆಟ್ಟಿಲಿನ ಪಾಠವನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಈ ಎರಡು ಹೊರೆಗಳನ್ನು ಅದು ಬೇರೆ ಮಾಡಿಕೊಡುತ್ತದೆಯೇ?

ಹಾಗೆ ನೋಡಿದರೆ ಗಂಭೀರವಾಗಿ ತೂಗಬೇಕಾದದ್ದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಜಾವಾ ಸರಣಿ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರು ಕಟ್ಟಿದ ಈ ಯೋಜನೆಯಲ್ಲಿ ಪಾಠ ಸುಮಾರು ಹತ್ತು ನಿಮಿಷದ್ದು. ಕಂಪ್ಯೂಟರಿನ ಪರದೆಯ ಮೇಲೆ ನಡೆಯುವುದನ್ನೇ ಹಿಡಿದ ವಿಡಿಯೊ, ಅದಕ್ಕೆ ಭಾರತೀಯ ಭಾಷೆಗಳ ದನಿ. ಕನ್ನಡದ ದನಿಯೂ ಇದೆ. ಮೇಷ್ಟರ ಮುಖವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ನೋಡು, ನಿಲ್ಲಿಸು, ನಿನ್ನ ಕಂಪ್ಯೂಟರಿನಲ್ಲಿ ಅದನ್ನೇ ಮಾಡು, ಮತ್ತೆ ಮುಂದುವರಿ. ಇಷ್ಟೇ ಕ್ರಮ.

ಈ ಕ್ರಮದ ಜಾಣತನ ಪರದೆಯನ್ನು ಇಂಗ್ಲಿಷಿನಲ್ಲೇ ಬಿಟ್ಟದ್ದರಲ್ಲಿದೆ. ‘ಕ್ಲಾಸ್’, ‘ಸ್ಟ್ಯಾಟಿಕ್’, ‘ವಾಯ್ಡ್’ ಎಂಬವನ್ನು ಕನ್ನಡಿಸಿ ಕಲಿಸಿದರೆ ನಾಳೆ ಲ್ಯಾಬಿನಲ್ಲಿ ಅವಳು ಮತ್ತೆ ಮೊದಲಿನಿಂದ ಕಲಿಯಬೇಕು. ಇಲ್ಲಿ ಕಣ್ಣಿಗೆ ನಿಜವಾದ ಜಾವಾ ಕಾಣುತ್ತದೆ, ಅದು ಯಾಕೆ ಹಾಗಿದೆ ಎಂಬುದು ಕಿವಿಗೆ ಕನ್ನಡದಲ್ಲಿ ಬೀಳುತ್ತದೆ. ಜೊತೆಗೆ, ತಪ್ಪುಗಳಿಗಾಗಿಯೇ ಒಂದು ಪಾಠವನ್ನು ಸರಣಿಯ ಆರಂಭದ ಹಂತದಲ್ಲೇ ಇಟ್ಟಿದ್ದಾರೆ. ಸೆಮಿಕೋಲನ್ ಬಿಟ್ಟರೆ, ಫೈಲಿನ ಹೆಸರಿಗೂ ಕ್ಲಾಸಿನ ಹೆಸರಿಗೂ ಹೊಂದದಿದ್ದರೆ ಏನಾಗುತ್ತದೆ, ಅದನ್ನು ಹೇಗೆ ಸರಿಪಡಿಸುವುದು ಎಂದು ಬೇಕೆಂದೇ ತಪ್ಪು ಮಾಡಿ ತೋರಿಸುತ್ತಾರೆ. ಹೊಸಬರನ್ನು ಓಡಿಸುವುದು ತಪ್ಪಾದಲ್ಲಿ ಪರದೆಯ ಮೇಲೆ ಮೂಡುವ ಆ ಕೆಂಪು ಗೆರೆಗಳೇ; ಅವುಗಳ ಹೆದರಿಕೆ ಬಿಡಿಸುವ ಪಾಠವನ್ನು ಎಷ್ಟು ಮೆಚ್ಚಿದರೂ ಕಡಿಮೆ. ವಿಡಿಯೊಗಳನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ನೋಡಬಹುದು. ಮಳೆಗಾಲದಲ್ಲಿ ಕರೆಂಟಿನೊಂದಿಗೆ ನೆಟ್‌ವರ್ಕೂ ಹೋಗುವ ಕಡಬದ ಕಡೆಯ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ.

ಇಷ್ಟಾದರೂ ಸರಣಿಗೆ ವಯಸ್ಸಾಗಿದೆ. ಅದರ ಆರಂಭದ ಪಾಠಗಳನ್ನು ಮಾಡಿದ್ದು ಉಬುಂಟು 11.10, ಜೆಡಿಕೆ 1.6, ಎಕ್ಲಿಪ್ಸ್ 3.7ರ ಮೇಲೆ. ಇಂದು ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇಟ್ಟುಕೊಂಡವಳಿಗೆ ಇನ್‌ಸ್ಟಾಲ್ ಮಾಡುವ ಪಾಠದಲ್ಲೇ ಪರದೆ ಬೇರೆ, ಪಾಠ ಬೇರೆ. 2014ರಲ್ಲಿ ಜಾವಾ 8ರೊಂದಿಗೆ ಬಂದ ಲ್ಯಾಂಬ್ಡಾ ಸೌಲಭ್ಯ ಅಷ್ಟು ಹಳೆಯ ಪಾಠಗಳಲ್ಲಿ ಇರಲು ಸಾಧ್ಯವೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಂತೂ ಮೊದಲ ಪ್ರೋಗ್ರಾಮೇ ಹಗುರಾಗಿದೆ: ಕ್ಲಾಸ್ ಬರೆಯದೆ, ‘ಪಬ್ಲಿಕ್ ಸ್ಟ್ಯಾಟಿಕ್’ ಎಂದು ಉರುಹೊಡೆಯದೆ, ಬರಿಯ ‘ವಾಯ್ಡ್ ಮೈನ್’ನಿಂದ ಶುರು ಮಾಡಬಹುದು. ಹಳೆಯ ರೂಪ ಈಗಲೂ ನಡೆಯುತ್ತದೆ ಎಂಬುದು ನಿಜ. ಆದರೆ ಮೊದಲ ದಿನವೇ ಅರ್ಥವಾಗದ ಐದಾರು ಪದಗಳನ್ನು ನುಂಗಿಸುವ ಅಗತ್ಯ ಈಗ ಉಳಿದಿಲ್ಲ.

ಇದಕ್ಕಿಂತ ಆಳದ ಕೊರತೆಯೊಂದಿದೆ. ಇದು ಕನ್ನಡದಲ್ಲಿ ಹುಟ್ಟಿದ ಪಾಠವಲ್ಲ. ಇಂಗ್ಲಿಷ್ ವಿಡಿಯೊದ ಹೊತ್ತಿಗೆ ಹೊಂದಿಸಿ ಕನ್ನಡ ಓದಿದ್ದು. ಉದಾಹರಣೆಗಳೂ ಮೂಲದವೇ. ಕನ್ನಡದವರಿಗೆ ಜಾವಾ ಇಟ್ಟುಕೊಂಡಿರುವ ಸೊಗಸುಗಳು ಹೀಗೆ ಹೊರಗೇ ಉಳಿದುಬಿಡುತ್ತವೆ. ಜಾವಾ ಮೊದಲಿನಿಂದಲೂ ಯೂನಿಕೋಡನ್ನು ಒಪ್ಪಿದ ಭಾಷೆ. ವೇರಿಯಬಲ್ಲಿಗೆ ‘ಬೆಲೆ’ ಎಂದು ಕನ್ನಡದಲ್ಲೇ ಹೆಸರಿಟ್ಟರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಜಾವಾ 18ರಿಂದ ಯೂನಿಕೋಡಿನ ಯುಟಿಎಫ್-8 ಸಂಕೇತಕ್ರಮ ತಾನಾಗಿಯೇ ಬರುವುದರಿಂದ ವಿಂಡೋಸಿನಲ್ಲೂ ಅದನ್ನು ಬೇರೆಯಾಗಿ ಹೇಳಬೇಕಿಲ್ಲ. ‘೪೫೦’ ಎಂಬ ಕನ್ನಡ ಅಂಕಿಗಳ ಸ್ಟ್ರಿಂಗನ್ನು, ಅದನ್ನು ಸಂಖ್ಯೆಯಾಗಿಸುವ ‘ಪಾರ್ಸ್‌ಇಂಟ್’ಗೆ ಕೊಟ್ಟರೆ ಅದು ಸರಿಯಾಗಿ 450 ಎಂದು ಓದುತ್ತದೆ. ಅದೇ ‘೪೫೦’ನ್ನು ನೇರವಾಗಿ ಕೋಡಿನೊಳಗೆ ಸಂಖ್ಯೆಯೆಂದು ಬರೆದರೆ ಒಪ್ಪುವುದಿಲ್ಲ. ಯಾಕೆ ಹೀಗೆ ಎಂದು ಕೇಳಿದ ವಿದ್ಯಾರ್ಥಿನಿಗೆ ಕಂಪೈಲ್ ಮಾಡುವ ಹೊತ್ತು ಬೇರೆ, ಪ್ರೋಗ್ರಾಮ್ ಓಡುವ ಹೊತ್ತು ಬೇರೆ ಎಂಬ ಪಾಠಕ್ಕೆ ಬಾಗಿಲು ತೆರೆಯಿತು. ‘ರಾಮಕುಂಜ’ ಎಂಬ ಸ್ಟ್ರಿಂಗಿನ ಉದ್ದ ಕೇಳಿದರೆ ಜಾವಾ 7 ಎನ್ನುತ್ತದೆ. ನಮ್ಮ ಲೆಕ್ಕಕ್ಕೆ ನಾಲ್ಕೇ ಅಕ್ಷರ. ದೀರ್ಘ, ಕೊಂಬು, ಸೊನ್ನೆ ಮೂರನ್ನೂ ಅದು ಬೇರೆಬೇರೆಯಾಗಿ ಎಣಿಸಿದೆ. ಸ್ಟ್ರಿಂಗ್ ಎಂದರೇನು, ಕ್ಯಾರೆಕ್ಟರ್ ಎಂದರೇನು ಎಂದು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುತ್ತಿಲ್ಲ.

ಉಳಿದವುಗಳ ಬಗ್ಗೆ ಚಿಕ್ಕದಾಗಿ. ಬಾಲಗುರುಸ್ವಾಮಿಯವರ ಜಾವಾ ಪುಸ್ತಕ ಪರೀಕ್ಷೆಗೆ ಒದಗುತ್ತದೆ, ಒಬ್ಬರೇ ಕೂತು ಕಲಿಯಲು ಒಣಕಲು. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠತಾಣದಲ್ಲಿ ಐಐಟಿ ಖರಗ್‌ಪುರದ ದೇಬಾಸಿಸ್ ಸಮಂತ ಅವರ ಕೋರ್ಸ್ ಶಿಸ್ತಿನದು. ವಾರವಾರ ಅಸೈನ್‌ಮೆಂಟ್ ಇರುತ್ತದೆ, ಆದರೆ ಏನೂ ಗೊತ್ತಿಲ್ಲದವರಿಗೆ ಓಟ ಹೆಚ್ಚಾಯಿತು. ಅಭ್ಯಾಸಕ್ಕೆ ನಾನು ಹೆಚ್ಚು ನೆಚ್ಚುವುದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಉಚಿತ ಕೋರ್ಸನ್ನು. ಅದರಲ್ಲಿ ಓದು ಕಡಿಮೆ, ಬರೆಯುವುದು ಜಾಸ್ತಿ. ಬರೆದದ್ದನ್ನು ಯಂತ್ರವೇ ಪರೀಕ್ಷಿಸಿ ಎಲ್ಲಿ ಎಡವಿದಿರಿ ಎಂದು ಹೇಳುತ್ತದೆ. ಇಂಗ್ಲಿಷಿನಲ್ಲಿದೆ ನಿಜ, ಆದರೆ ಲೂಪು, ಅರ್ರೇ, ಕ್ಲಾಸುಗಳನ್ನು ಕನ್ನಡದಲ್ಲಿ ಕೇಳಿ ಬಂದವಳಿಗೆ ಆ ಇಂಗ್ಲಿಷ್ ಭಾರವಾಗದು. ಆದ್ದರಿಂದ ನನ್ನ ಶಿಫಾರಸು ಈ ಕ್ರಮದಲ್ಲಿ: ಮೊದಲು ಸ್ಪೋಕನ್ ಟ್ಯುಟೋರಿಯಲ್, ಆಬ್ಜೆಕ್ಟು ಕನ್‌ಸ್ಟ್ರಕ್ಟರುಗಳ ತನಕ, ಆಮೇಲೆ ಹೆಲ್ಸಿಂಕಿ.

ಮೇಲೆ ಹೇಳಿದ ಕೊರತೆಗಳನ್ನು ನಾವೇ ತುಂಬಿಕೊಳ್ಳಲೂ ಬಹುದು: ಸ್ಪೋಕನ್ ಟ್ಯುಟೋರಿಯಲ್ಲಿನ ಸಾಮಗ್ರಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ತಿದ್ದಿ ಹಂಚಲು ಯಾರೂ ಅಡ್ಡಿ ಮಾಡುವುದಿಲ್ಲ. ಪುತ್ತೂರು, ಸುಳ್ಯದ ಕಾಲೇಜುಗಳಲ್ಲಿ ಜಾವಾ ಕಲಿಸುವವರೂ ಇದ್ದಾರೆ, ಲ್ಯಾಬುಗಳೂ ಇವೆ. ಇಡೀ ಸರಣಿಯನ್ನು ಮತ್ತೆ ಮಾಡಬೇಕೆಂದಿಲ್ಲ. ಇನ್‌ಸ್ಟಾಲ್ ಮಾಡುವ ಪಾಠವನ್ನು ವಿಂಡೋಸಿನಲ್ಲಿ, ಮೊದಲ ಪ್ರೋಗ್ರಾಮನ್ನು ಜಾವಾ 25ರಲ್ಲಿ ಹೊಸದಾಗಿ ಹಿಡಿದು, ಸ್ಟ್ರಿಂಗಿನ ಪಾಠವನ್ನು ಕನ್ನಡದ ಪದಗಳೊಂದಿಗೇ ಬರೆದರೆ ಬರುವ ವರ್ಷ ಸೇರುವವರಿಗೆ ಸಾಕು.