ಪರವೂರಿನ ಖಾಲಿ ಅಟ್ಟ

ಕೇರಳದ ಪರವೂರಿನಾಗ ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರ ಈಗ ಮ್ಯೂಸಿಯಂ ಆಗ್ಯದ. ಮುಜಿರಿಸ್ ಯೋಜನೆಯವರು ಕಟ್ಟಡವನ್ನು ಚಂದಾಗಿ ದುರಸ್ತಿ ಮಾಡ್ಯಾರ. ನೋಡುವವರ ಕಣ್ಣು ಮೊದಲು ಹೋಗೋದು ಧರ್ಮಗ್ರಂಥದ ಸುರುಳಿ ಇಡುವ ಕೆತ್ತನೆಯ ಕಪಾಟಿನ ಮ್ಯಾಲೆ. ಆದರೆ ಅದು ನಕಲು. ಅಸಲು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ.

ನನ್ನ ಮಟ್ಟಿಗೆ ಅಲ್ಲಿ ನಿಂತು ನೋಡಬೇಕಾದದ್ದು ಮ್ಯಾಲಿನ ಹೆಂಗಸರ ಅಟ್ಟ. ಕೇರಳದ ಯಹೂದಿ ಹೆಣ್ಣುಮಕ್ಕಳು ಮಲಯಾಳಂ ಹಾಡುಗಳನ್ನು ನೋಟುಬುಕ್ಕಿನಾಗ ಬರೆದಿಟ್ಟುಕೊಂಡು ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದರು. 1948ರಲ್ಲಿ ಇಸ್ರೇಲ್ ದೇಶ ಆಯಿತು. 1950ರ ದಶಕದಾಗ ಬಹಳ ಮಂದಿ ಅಲ್ಲಿಗೆ ಹೋದರು. ಅವರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಬೇಕು. ಊರಾಗ ಅಷ್ಟು ಮಂದಿ ಉಳಿಯಲಿಲ್ಲ. ನೋಟುಬುಕ್ಕುಗಳು ಮಾತ್ರ ಜೊತೆಗೆ ಹೋಗಿದ್ದವು. ಮುಂದೆ ವಿದ್ವಾಂಸರಿಗೆ ಆ ಹಾಡುಗಳು ಸಿಕ್ಕಿದ್ದು ಅವುಗಳಿಂದಲೇ.

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ನಮ್ಮ ಮನಿಗಳಾಗ ಮಾತು ಕನ್ನಡ, ಸಾಲಿಯ ಅಕ್ಷರ ಹೆಚ್ಚಾಗಿ ತೆಲುಗು. ನಮ್ಮ ಅವ್ವಂದಿರ ಬೀಸುವ ಹಾಡು ಯಾವ ನೋಟುಬುಕ್ಕಿನಾಗ ಅದಾವ? ಮಾಸ್ತರರೇ, ಮಕ್ಕಳ ಕೈಗೊಂದು ನೋಟುಬುಕ್ಕು ಕೊಟ್ಟು ಅಜ್ಜಿಯ ಹತ್ತಿರ ಕಳಿಸ್ರಿ.