ಟ್ರೈಪ್ ಬರೆದ ಮೋಡ

ಹಳೇ ಫೋಟೋ ಅಂದ ಕೂಡಲೇ ಅದನ್ನು ಸಾಕ್ಷಿ ಅಂತ ನಂಬಿಬಿಡುತ್ತೇವೆ. ಆಗ ಫೋಟೋಶಾಪ್ ಎಲ್ಲಿತ್ತು ಅಂತ. ಲಿನೇಯಸ್ ಟ್ರೈಪ್‌ನ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದವರು ಹಾಗೆ ಹೇಳಲಾರರು.

ಟ್ರೈಪ್ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ. 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರಿನ ಗುಡಿಗಳ ಫೋಟೋ ತೆಗೆದ. ಮರುವರ್ಷ ಬ್ರಿಟಿಷ್ ನಿಯೋಗದ ಜೊತೆ ಬರ್ಮಾಕ್ಕೆ ಹೋದ. ಗಾಜಿಗೆ ಕೊಲೋಡಿಯನ್ ಸವರಿ ಫೋಟೋ ತೆಗೆಯುವ ವಿಧಾನವನ್ನು ಆರ್ಚರ್ 1851ರಲ್ಲೇ ಪ್ರಕಟಿಸಿದ್ದ. ಅದರಲ್ಲಿ ವಿವರ ಬಲು ಸ್ಪಷ್ಟ. ಆದರೆ ಗಾಜು ಒದ್ದೆ ಇರುವಾಗಲೇ ಚಿತ್ರ ತೆಗೆದು ಡೆವಲಪ್ ಮಾಡಿ ಮುಗಿಸಬೇಕು. ನಮ್ಮ ಬಿಸಿಲಲ್ಲಿ ಅದು ಎಷ್ಟು ಹೊತ್ತು ಒದ್ದೆ ಇದ್ದೀತು? ಟ್ರೈಪ್ ಮೇಣ ಹಿಡಿಸಿದ ಕಾಗದದ ನೆಗೆಟಿವ್ ಬಳಸಿದ. ಮೊದಲೇ ತಯಾರು ಮಾಡಿಟ್ಟುಕೊಳ್ಳಬಹುದು, ಬಿಡಾರಕ್ಕೆ ಬಂದು ನಿಧಾನಕ್ಕೆ ಡೆವಲಪ್ ಮಾಡಬಹುದು.

ತೊಂದರೆ ಆಕಾಶದ್ದು. ಆ ಕಾಲದ ರಾಸಾಯನಿಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಕಲ್ಲಿನ ಕೆತ್ತನೆ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗೆ ಬೋಳು! ಅದಕ್ಕೆ ಬರ್ಮಾದ ನೆಗೆಟಿವ್‌ಗಳ ಮೇಲೇ ಬಣ್ಣ ಹಚ್ಚಿ ಮೋಡ ಬರೆದ, ಮರದ ಎಲೆಗಳನ್ನೂ ತಿದ್ದಿದ. ಇದನ್ನು ಮೋಸ ಅನ್ನೋಕೆ ನನಗೆ ಮನಸ್ಸಿಲ್ಲ. ದಿನಾ ಕೋಡ್ ಬರೆಯೋನಿಗೆ ವರ್ಕ್‌ಅರೌಂಡ್ ಅಂದರೇನು ಅಂತ ಗೊತ್ತು, ಮತ್ತು ಇದು ಅಚ್ಚುಕಟ್ಟಾದ ವರ್ಕ್‌ಅರೌಂಡ್.

ನನ್ನ ತಕರಾರು ಬೇರೆ. ಅವನ ಚಿತ್ರಗಳಲ್ಲಿ ಬಹುತೇಕ ಜನರೇ ಇಲ್ಲ. ಇಂಥವನ್ನು ಹಂಚಿಕೊಳ್ಳುವವರು 'ಆಗ ಎಷ್ಟು ಪ್ರಶಾಂತವಾಗಿತ್ತು' ಅಂತ ನಿಟ್ಟುಸಿರು ಬಿಡುತ್ತಾರೆ. ಎಕ್ಸ್‌ಪೋಷರ್‌ಗೆ ನಿಮಿಷಗಟ್ಟಲೆ ಬೇಕಿದ್ದಾಗ ನಡೆದುಹೋದವರು ಕಾಗದದಲ್ಲಿ ಉಳಿಯೋದಿಲ್ಲ, ಸರಿ. ಆದರೆ ಎಲ್ಲವನ್ನೂ ವಿಧಾನದ ತಲೆಗೆ ಕಟ್ಟೋದು ನಾನೊಪ್ಪೋದಿಲ್ಲ. ಸ್ಕಾಟ್ಲೆಂಡಿನ ಹಿಲ್ ಮತ್ತು ಆಡಮ್ಸನ್ 1840ರ ದಶಕದಲ್ಲೇ ಕಾಗದದ ನೆಗೆಟಿವ್ ಬಳಸಿ ನ್ಯೂಹೇವನ್‌ನ ಮೀನುಗಾರರನ್ನು, ಬುಟ್ಟಿ ಹೊತ್ತ ಹೆಂಗಸರನ್ನು ತೆಗೆದಿದ್ದರು. ಅಲುಗಾಡದೆ ನಿಲ್ಲಿ ಅಂತ ಕೇಳಿದರು, ಅವರು ನಿಂತರು, ಅಷ್ಟೇ.

ಟ್ರೈಪ್‌ಗೆ ತಾಳ್ಮೆಯ ಕೊರತೆ ಇತ್ತು ಅನ್ನೋ ಹಾಗೂ ಇಲ್ಲ. 1858ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಪಾಯದ ಉದ್ದಕ್ಕೂ ಇರುವ ಶಾಸನ ಹಿಡಿಯಲು 21 ಪ್ರಿಂಟ್ ಒಂದಕ್ಕೊಂದು ಜೋಡಿಸಿದವನು ಅವನು. ಕಲ್ಲಿನ ಅಕ್ಷರ ಅವನಿಗೆ ಬೇಕಿತ್ತು. ಬೇಲೂರಿನ ಚೆನ್ನಕೇಶವನಿಗೆ ಆಗಲೂ ಪೂಜೆ ನಡೀತಿತ್ತು. ಗುಡಿಗೆ ಅರ್ಚಕರಿದ್ದರು, ಊರಿತ್ತು, ದನ ಕಾಯುವ ಹುಡುಗರಿದ್ದರು. ಅವರಲ್ಲಿ ಒಬ್ಬರನ್ನಾದರೂ ಬಾಗಿಲ ಹತ್ತಿರ ಕರೆದು ನಿಲ್ಲಿಸಬಹುದಿತ್ತು.