ಗಂಗಾವತಿಯ ಗದ್ದೆಗೆ ಹೈಬ್ರಿಡ್ ಭತ್ತ ಏಕೆ ಒಗ್ಗಲಿಲ್ಲ?

ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ ಬೆಳೆಯುವವರಿಗೆ ಪ್ರತಿ ವರ್ಷ ಅಂಗಡಿಯಿಂದ ಹೈಬ್ರಿಡ್ ಬೀಜ ತರುವುದು ರೂಢಿಯಾಗಿದೆ. ಅದೇ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಬಂಡವಾಳ ಹಾಕುವ ಧೈರ್ಯವೂ ಇದೆ. ಆದರೂ ಅಲ್ಲಿನ ರೈತರು ನೆಚ್ಚಿರುವುದು ಸೋನಾ, ಬಿಪಿಟಿ-5204ರಂಥ ಸಣ್ಣಕ್ಕಿ ತಳಿಗಳನ್ನೇ. ಎರಡೂ ಬೆಳೆಗಳ ಹೈಬ್ರಿಡ್ ಬೀಜಕ್ಕೆ ಆಧಾರ ಒಂದೇ ತಂತ್ರ: ತಾಯಿ ಗಿಡದಲ್ಲಿ ಪರಾಗ ಬಲಿಯದಂತೆ ನೋಡಿಕೊಳ್ಳುವುದು. ಸಜ್ಜೆಯಲ್ಲಿ ಗೆದ್ದ ತಂತ್ರ ಭತ್ತದಲ್ಲಿ ಏಕೆ ತಡವರಿಸಿತು? ರೈತರು ಹೊಸದನ್ನು ಒಪ್ಪುವುದಿಲ್ಲ ಎಂಬ ಮಾತು ನನಗೆ ಅನ್ಯಾಯವೆನಿಸುತ್ತದೆ. ಕಾರಣ ಹೂವಿನೊಳಗೇ ಇದೆ.

ಸಜ್ಜೆಯ ತೆನೆಯಲ್ಲಿ ಹೆಣ್ಣುಭಾಗ ಮೊದಲು ಹೊರಬರುತ್ತದೆ, ಪರಾಗ ಆಮೇಲೆ. ಹೀಗಾಗಿ ಗಾಳಿ ತರುವ ಬೇರೆ ಗಿಡದ ಪರಾಗವನ್ನೇ ಅದು ಕಾಯುತ್ತದೆ. ಭತ್ತದ್ದು ಇದಕ್ಕೆ ತದ್ವಿರುದ್ಧ. ಆರು ಪರಾಗಕೋಶಗಳಿರುವ ಪುಟ್ಟ ಹೂವು ಬೆಳಗಿನ ಹೊತ್ತು ಸ್ವಲ್ಪ ಕಾಲ ಬಾಯಿ ತೆರೆದು, ತನ್ನ ಪರಾಗವನ್ನು ತನ್ನ ಮೇಲೆಯೇ ಉದುರಿಸಿಕೊಂಡು ಮುಚ್ಚಿಕೊಳ್ಳುತ್ತದೆ. ಹೊರಬಿದ್ದ ಪರಾಗಕ್ಕೆ ಜೀವವಿರುವುದು ಕೆಲವೇ ನಿಮಿಷ. ಇಂಥ ಬೆಳೆಯಲ್ಲಿ ಹೈಬ್ರಿಡ್ ಬೀಜ ಮಾಡಬೇಕಾದರೆ ಗಂಡು ಸಾಲು, ಹೆಣ್ಣು ಸಾಲು ಬೇರೆಬೇರೆ ನೆಡಬೇಕು. ಎಲೆಯ ಕವಚದಿಂದ ಪೂರ್ತಿ ಹೊರಬರದ ಹೆಣ್ಣು ತೆನೆಗೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಬೇಕು. ಹೂ ಅರಳುವ ಹೊತ್ತಿಗೆ ಹಗ್ಗ ಎಳೆದು ಗಂಡು ಸಾಲಿನ ಪರಾಗ ಹಾರಿಸಬೇಕು. ಈ ಖರ್ಚೆಲ್ಲ ಕೊನೆಗೆ ಬೀಜದ ಚೀಲದ ಬೆಲೆಗೆ ಸೇರುತ್ತದೆ.

ಈ ವಿಜ್ಞಾನದ ಬಗ್ಗೆ ನನಗೆ ದೊಡ್ಡ ಗೌರವವಿದೆ. 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಯುವಾನ್ ಲಾಂಗ್‌ಪಿಂಗ್ ತಂಡಕ್ಕೆ ಪರಾಗ ಸತ್ತ ಕಾಡುಭತ್ತದ ಒಂದು ಗಿಡ ಸಿಕ್ಕಿತು. ಅದು ಹೇಗೆ ಬಂಜೆಯಾಯಿತೆಂಬುದು ತಿಳಿಯಲು ನಾಲ್ಕು ದಶಕ ಹಿಡಿಯಿತು. ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯಾದಲ್ಲಿ ಡಬ್ಲ್ಯುಎ352 ಎಂಬ ವಂಶವಾಹಿಯಿದೆ. ಅದರ ಪ್ರೋಟೀನು, ಬೆಳೆಯುವ ಪರಾಗಕ್ಕೆ ಆಹಾರ ಉಣಿಸುವ ಟಪೀಟಮ್ ಪದರವನ್ನು ಅವಧಿಗೆ ಮುಂಚೆಯೇ ಸಾಯಿಸುತ್ತದೆ. ಪರಾಗ ಹಸಿದು ಮುರುಟುತ್ತದೆ. ಗಂಡು ಸಾಲಿನಿಂದ ಬರುವ ಆರ್‌ಎಫ್3, ಆರ್‌ಎಫ್4 ವಂಶವಾಹಿಗಳು ಈ ಹಾನಿಯನ್ನು ತಡೆದು, ಹೈಬ್ರಿಡ್ ಗಿಡಕ್ಕೆ ಫಲವಂತಿಕೆ ಮರಳಿಸುತ್ತವೆ. ಇದೇ ದಾರಿಯಲ್ಲಿ ಮಂಡ್ಯದ ವಿ.ಸಿ. ಫಾರ್ಮ್‌ನಿಂದ 1994ರಲ್ಲಿ ಕೆಆರ್‌ಎಚ್-1, 1996ರಲ್ಲಿ ಕೆಆರ್‌ಎಚ್-2 ಬಂದವು. ಕನ್ನಡ ನಾಡಿನ ಹೈಬ್ರಿಡ್ ಭತ್ತಕ್ಕೆ ಬುನಾದಿ ಹಾಕಿದವರಲ್ಲಿ ಡಾ. ಎಂ. ಮಹದೇವಪ್ಪನವರ ಹೆಸರು ಮುಂದಿದೆ. ಆ ದುಡಿಮೆ ಸಣ್ಣದಲ್ಲ.

ಆದರೆ ಗಂಗಾವತಿಯ ಭತ್ತ ಮಾರುಕಟ್ಟೆಗಾಗಿ ಬೆಳೆಯುವ ಭತ್ತ. ರೈಸ್ ಮಿಲ್ಲಿಗೆ ಒಂದೇ ಸಮನಾದ ಕಾಳು ಬೇಕು. ಹೈಬ್ರಿಡ್ ಎಡವುವುದು ಇಲ್ಲಿಯೇ, ಮತ್ತು ಈ ಎಡವಟ್ಟಿನ ಮೂಲ ಗರ್ಭಧಾರಣೆಯಲ್ಲಿದೆ. ನಾವು ಉಣ್ಣುವ ಅಕ್ಕಿ ಬಹುಪಾಲು ಭ್ರೂಣಾಹಾರ. ತಾಯಿಯ ಎರಡು ಪಾಲು, ತಂದೆಯ ಒಂದು ಪಾಲು ಸೇರಿ ಅದು ಹುಟ್ಟುತ್ತದೆ. ರೈತ ಬಿತ್ತಿದ್ದು ಮೊದಲ ಪೀಳಿಗೆಯ ಬೀಜ. ಕೊಯ್ಯುವ ಕಾಳು ಎರಡನೇ ಪೀಳಿಗೆಯದು, ಅಲ್ಲಿ ಗುಣಗಳು ಒಡೆದು ಹಂಚಿಹೋಗುತ್ತವೆ. ತಂದೆ–ತಾಯಿ ಸಾಲುಗಳ ಪಿಷ್ಟದ ಗುಣ ಬೇರೆಯಾಗಿದ್ದರೆ ಒಂದೇ ತೆನೆಯಲ್ಲಿ ಉದುರುದುರಾಗಿ ಬೇಯುವ ಕಾಳೂ ಇರುತ್ತದೆ, ಅಂಟಂಟಾಗುವ ಕಾಳೂ ಇರುತ್ತದೆ. ಇಳುವರಿಯ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಅನ್ನದ ತಟ್ಟೆಯಲ್ಲಿ ಕಾಣುತ್ತದೆ. ಅದೇ ಕಾಳನ್ನು ಮುಂದಿನ ವರ್ಷ ಬೀಜಕ್ಕೆ ಇಡುವಂತೆಯೂ ಇಲ್ಲ. ಬೆಂಕಿರೋಗ ಬಂದರೂ ಬಿಪಿಟಿಯ ಕೈಬಿಡದ ರೈತನ ಲೆಕ್ಕ ನನಗೆ ಸರಿಯಾಗಿಯೇ ಕಾಣುತ್ತದೆ.

ಇನ್ನೊಂದು ಅಂಜಿಕೆಯೂ ಇದೆ. 1965ರ ಎಚ್‌ಬಿ-1ರಿಂದ ಶುರುವಾಗಿ ಒಂದೇ ತಾಯಿ ಸಾಲನ್ನು ನಂಬಿದ್ದ ಸಜ್ಜೆ ಹೈಬ್ರಿಡ್‌ಗಳು 1970ರ ದಶಕದಲ್ಲಿ ಬೂಜುತುಪ್ಪಟ ರೋಗಕ್ಕೆ ನೆಲಕಚ್ಚಿದವು. ಭಾರತದ ಹೈಬ್ರಿಡ್ ಭತ್ತವೂ ಬಹುಮಟ್ಟಿಗೆ ಹೈನಾನಿನ ಆ ಒಂದೇ ಮೂಲದ ಮೇಲೆ ನಿಂತಿದೆ.

ನನ್ನ ದೊಡ್ಡ ತಕರಾರು ಬೇರೆ. ಪರಾಗವನ್ನು ಸಾಯಿಸುವ ವಂಶವಾಹಿಗಳ ಹಿಂದೆ ಹೋದಷ್ಟು ಆಸಕ್ತಿ, ಅದನ್ನು ಉಳಿಸುವ ವಂಶವಾಹಿಗಳ ಕಡೆ ಹರಿದು ನಮ್ಮ ಗದ್ದೆಗೆ ತಲುಪಿಲ್ಲ. ಗಂಗಾವತಿಯ ರೈತನನ್ನು ಕಾಡುವುದು ಜೊಳ್ಳು. ಬೇಸಿಗೆ ಬೆಳೆ ಹೂ ಬಿಡುವ ಹೊತ್ತಿಗೆ ತಾಪ 35 ಡಿಗ್ರಿ ದಾಟಿದರೆ ಪರಾಗಕೋಶ ಸರಿಯಾಗಿ ಒಡೆಯದೆ ಕಾಳು ಕಟ್ಟುವುದಿಲ್ಲ. ಕಾಲುವೆಗೆ ನೀರು ತಡವಾದರೆ ನಾಟಿ ತಡ, ನಾಟಿ ತಡವಾದರೆ ಹೂವು ಚಳಿಗೋ ಬಿಸಿಲಿಗೋ ಸಿಕ್ಕಿಬೀಳುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಡುಗಿದ್ದು ಸುಮ್ಮನೆ ಅಲ್ಲ. ನೀರು ಹೆಚ್ಚಾಗಿ ಸವಳಾದ ಭೂಮಿಯಲ್ಲಿ ಉಪ್ಪು ಕೂಡ ಪರಾಗವನ್ನು ಕೆಡಿಸುತ್ತದೆ.

ಇದಕ್ಕೆ ದಾರಿಗಳಿವೆ. ನಮ್ಮ ದೇಶದ್ದೇ ಹಳೆಯ ತಳಿ ನಾಗಿನಾ-22ರ ನಾಲ್ಕನೇ ವರ್ಣತಂತುವಿನಲ್ಲಿ ಬಿಸಿಲಿಗೆ ಹೂವನ್ನು ಕಾಯುವ ಗುಣ ಪತ್ತೆಯಾಗಿದೆ. ಒರೈಜಾ ಅಫಿಸಿನಾಲಿಸ್ ಎಂಬ ಕಾಡುಭತ್ತದಿಂದ, ಬಿಸಿಲೇರುವ ಮೊದಲೇ ಹೂ ಅರಳಿಸುವ ಗುಣವನ್ನು ಬೇರೆ ತಳಿಗೆ ತಂದಿದ್ದಾರೆ. ಈ ಎರಡನ್ನು ಸೋನಾದ ಕಾಳಿನ ಗುಣ ಕೆಡದಂತೆ ಬೆಸೆಯುವ ಕೆಲಸಕ್ಕೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕಿಂತ ತಕ್ಕ ಜಾಗ ಯಾವುದು? ಸವಳು ಭೂಮಿಯ ಅಧ್ಯಯನ ಅಲ್ಲಿ ಮೊದಲಿಂದಲೂ ನಡೆದಿದೆ. ತಳಿಗಳನ್ನು ಎಕರೆಗೆ ಎಷ್ಟು ಚೀಲ ಎಂದಷ್ಟೇ ಅಳೆಯದೆ, ಹೂ ಅರಳುವ ಗಂಟೆ ಮತ್ತು ತೆನೆಗೆ ಬಿದ್ದ ಜೊಳ್ಳನ್ನೂ ಬರೆದಿಡಬೇಕು. ಅದೂ ಕಾಲುವೆಯ ತಲೆಭಾಗದಲ್ಲಷ್ಟೇ ಅಲ್ಲ, ನೀರು ಕೊನೆಗೆ ಮುಟ್ಟುವ ಗದ್ದೆಗಳಲ್ಲಿ.